ಎಡಗಾಲಿಯ ನೀರು

ಬೆಳಿಗ್ಗೆ ಹತ್ತು ಗಂಟೆ. ಗುಜರಿ ಅಂಗಳದ ಅಜ್ಜಿ ಎರಡನೆಯ ಸಲ ಬೇಡ ಎಂದಳು. ಫಿಟ್ಟರ್ ಎರಡನೆಯ ಸಲವೂ ನಕ್ಕ.

ಅವನ ಕೈಯಲ್ಲಿ ಅಳತೆಯ ಟೇಪಿತ್ತು. ಎದುರಿಗೆ, ತುಕ್ಕು ಹಿಡಿದ ಕಬ್ಬಿಣದ ರಾಶಿಗಳ ನಡುವೆ, ಮುಂದಿನ ಗಾಲಿಗಳಿಲ್ಲದೆ ನೆಲಕ್ಕೆ ಮೂಗು ಊರಿಕೊಂಡು ಹಳೆಯ ಟ್ರ್ಯಾಕ್ಟರೊಂದು ನಿಂತಿತ್ತು. ಎಂಜಿನ್ನಿನ ಜಾಗದಲ್ಲಿ ಕಳೆ ಬೆಳೆದಿತ್ತು. ಹಿಂಗಾಲಿಗಳೆರಡು ಮಾತ್ರ ಇನ್ನೂ ಅದರ ಮೈಯಲ್ಲೇ ಇದ್ದವು. ಫಿಟ್ಟರ್ ಎಡಗಾಲಿಯ ಬೋಲ್ಟಿನ ತೂತುಗಳನ್ನು ಎಣಿಸಿದ. ತೂತಿನಿಂದ ತೂತಿಗೆ ಟೇಪು ಹಿಡಿದ. ನಡುವಿನ ದೊಡ್ಡ ತೂತಿಗೂ ಹಿಡಿದ. ಎದ್ದು ನಿಂತು ಕೈ ಒರೆಸಿಕೊಂಡ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಈ ಗಾಲಿಗಾಗಿ ಅವನೂ ಅವನ ಭಾವನೂ ವಾರದಿಂದ ಊರೂರು ಅಲೆದಿದ್ದರು. ಭಾವ ಅಂದರೆ ಅವನ ಹೆಂಡತಿಯ ಅಣ್ಣ. ಅಣ್ಣ ತಂಗಿಯರಿಬ್ಬರದೂ ಸೇರಿ ಒಂದು ಇಟ್ಟಿಗೆ ಭಟ್ಟಿ. ಕಾರ್ಖಾನೆಯ ಕೆಲಸ ಬಿಟ್ಟು, ಮದುವೆಯಾಗಿ ಅಲ್ಲಿಗೆ ಬಂದು ಸೇರಿದ ಹೊಸಬ ಫಿಟ್ಟರ್. ಭಟ್ಟಿಯ ಜೇಡಿಮಣ್ಣನ್ನು ತುಳಿದು ಹದ ಮಾಡುತ್ತಿದ್ದದ್ದು ಅವನ ಮಾವನ ಕಾಲದ ಟ್ರ್ಯಾಕ್ಟರು. ಅದರ ಎಡಗಡೆಯ ಹಿಂಗಾಲಿಯ ನಡುತಟ್ಟೆ ಬೋಲ್ಟುಗಳ ಸುತ್ತ ಸೀಳಿ, ರಿಮ್ಮು ಸೊಟ್ಟಗಾಗಿ, ಟೈರನ್ನೂ ಕೊಯ್ದು ಹಾಕಿತ್ತು. ಆ ಮಾದರಿಯನ್ನು ಕಂಪನಿ ನಿಲ್ಲಿಸಿ ಯಾವ ಕಾಲವೋ ಆಗಿತ್ತು. ಒಂದು ಅಂಗಡಿಯ ಗಾಲಿಗೆ ಆರೇ ತೂತು. ಇನ್ನೊಂದಕ್ಕೆ ಎಂಟು ತೂತು, ಆದರೆ ನಡುವಿನ ತೂತು ಕಿರಿದು. ಮತ್ತೊಂದು ಎಲ್ಲ ಹೊಂದಿದರೂ ಎತ್ತರ ಒಂದು ಗೇಣು ಹೆಚ್ಚು.

"ನನ್ನ ತಂಗಿಗೆ ಗಂಡು ಹುಡುಕೋಕೂ ಇಷ್ಟು ಊರು ಸುತ್ತಿರಲಿಲ್ಲ ಅಳಿಯಂದ್ರೇ," ಎಂದಿದ್ದ ಭಾವ ಸೋತು ಸುಣ್ಣವಾಗಿ.

"ಅದಕ್ಕೇ ನಾನು ಸಿಕ್ಕಿದ್ದು," ಎಂದಿದ್ದ ಫಿಟ್ಟರ್.

ನಗೆಚಾಟಿಕೆಯ ಅಡಿಯಲ್ಲಿ ಇಬ್ಬರಿಗೂ ಒಂದೇ ಚಿಂತೆ. ಮಳೆ ನೆತ್ತಿಯ ಮೇಲಿತ್ತು. ಅದು ಹನಿಯುವ ಮುಂಚೆ ಗುಂಡಿಯ ಮಣ್ಣು ಹದವಾಗದಿದ್ದರೆ ಈ ವರ್ಷ ಭಟ್ಟಿಗೆ ಬೆಂಕಿಯಿಲ್ಲ. ಕೆಲಸದವರನ್ನೆಲ್ಲ ಆಗಲೇ ಮನೆಗೆ ಕಳಿಸಿಯಾಗಿತ್ತು. ‘ಇವತ್ತು ಗಾಲಿ ತಂದೇ ತರ್ತೀನಿ, ಸಂಜೆಯೊಳಗೆ ಮಣ್ಣು ತುಳಿಸಿ ತೋರಿಸ್ತೀನಿ’ ಎಂದು ಫಿಟ್ಟರ್ ಬೆಳಿಗ್ಗೆ ಹೆಂಡತಿಗೆ ಮಾತು ಕೊಟ್ಟು ಹೊರಟಿದ್ದ.

"ಕೊಂಡ್ರೆ ಎರಡೂ ಕೊಳ್ಳು, ಇಲ್ಲಾಂದ್ರೆ ಎರಡೂ ಬಿಡು," ಎಂದಳು ಅಜ್ಜಿ. "ಜೋಡಿ ಬಿಡಿಸಬೇಡ ಮಗಾ."

"ಬಲಗಡೇದನ್ನ ತಗೊಂಡು ಏನು ಮಾಡ್ಲಿ? ಮುಟ್ಟಿದ್ರೆ ರಿಮ್ಮು ಉದುರುತ್ತೆ. ನೆಟ್ಟಗಿರೋ ಹಲ್ಲಿನ ಜೊತೆ ಹುಳುಕು ಹಲ್ಲನ್ನೂ ಮಾರ್ತೀರಲ್ಲ ಅಜ್ಜಿ."

ಅಜ್ಜಿ ನಗಲಿಲ್ಲ. ಭಾವ ದೂರದಲ್ಲಿ ಪಿಕಪ್ ಗಾಡಿಯ ಹಗ್ಗ ಬಿಚ್ಚುತ್ತಿದ್ದುದನ್ನು ಕಣ್ಣಲ್ಲೇ ಖಚಿತ ಮಾಡಿಕೊಂಡು ಹತ್ತಿರ ಬಂದಳು. ಅವಳ ಸೀರೆಯಿಂದ ಹಳೆಯ ಗ್ರೀಸಿನ ವಾಸನೆ ಬರುತ್ತಿತ್ತು.

"ಎಡಗಡೇದಕ್ಕೆ ಕಟ್ಟು ಹಾಕಿಸಿದಾರೆ. ಮಾಟದ ಕಟ್ಟು. ಬಿಡುಗಡೆ ಬಲಗಡೇದ್ರಲ್ಲಿದೆ. ಎರಡೂ ಒಟ್ಟಿಗಿದ್ರೆ ಅದು ತೆಪ್ಪಗಿರುತ್ತೆ. ಎಡಗಡೇದೊಂದೇ ತಿರುಗಿದ್ರೆ ಮೇಲೆ ಕೂತವನು ಇಳಿಯಲ್ಲ. ಅವನು ಇಳೀಬೇಕಂದ್ರೆ ಆ ಜಾಗಕ್ಕೆ ಇನ್ನೊಬ್ಬ ಹತ್ತಬೇಕು."

"ನಮ್ಮ ಕಡೆ ಬಸ್ಸಿನ ಸೀಟೂ ಹಾಗೇ ಅಜ್ಜಿ. ಬೆನ್ನಿಗೆ ಅಂಟಿಕೊಂಡ್ರೆ ಏಳೋ ಹಾಗಿಲ್ಲ."

"ನಗು. ನಕ್ಕವರನ್ನ ನಾನು ಮುಂಚೇನೂ ನೋಡಿದೀನಿ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮಧ್ಯಾಹ್ನ ಗ್ಯಾಸ್ ಕಟ್ಟರಿನವನು ಬರ್ತಾನೆ. ಎರಡನ್ನೂ ಒಂದೇ ಸಲ ಕತ್ತರಿಸಿ ಮುಗಿಸಿಬಿಡೋಣ ಅಂತಿದ್ದೆ. ಕೇಳಲ್ಲ ಅಂದ್ರೆ, ಒಳಗಿನ ನೀರನ್ನಾದ್ರೂ ಇಲ್ಲೇ ಚೆಲ್ಲಿ ಹೋಗು."

ಫಿಟ್ಟರ್ ಗಾಲಿಗೆ ಸ್ಪ್ಯಾನರಿನಿಂದ ಬಡಿದ. ದಪ್ಪ ಶಬ್ದ ಬಂತು. ನೀರು ಇನ್ನೂ ಇತ್ತು. ಹಿಂಗಾಲಿಯ ಟ್ಯೂಬಿನಲ್ಲಿ ಮುಕ್ಕಾಲು ಭಾಗ ನೀರು ತುಂಬುವುದು ಈ ಕೆಲಸದವರ ರೂಢಿ. ಭಾರವಿಲ್ಲದ ಗಾಲಿ ಜೇಡಿಯಲ್ಲಿ ಸುಮ್ಮನೆ ಜಾರುತ್ತದೆ. ಸಾಗಿಸುವ ಮುಂಚೆ ಆ ನೀರು ಬಿಡುವುದೂ ರೂಢಿಯೇ. ಆದರೆ ಅದನ್ನು ಮತ್ತೆ ತುಂಬಲು ಅರ್ಧ ದಿನ ಬೇಕು. ಅವನು ತಲೆಯೆತ್ತಿ ಆಕಾಶ ನೋಡಿದ. ಮೋಡ ಇಟ್ಟಿಗೆಯಂತೆ ಒಂದರ ಮೇಲೊಂದು ಕೂರುತ್ತಿತ್ತು.

ವಾಲ್ವಿನ ಮುಚ್ಚಳ ತಿರುಗಿಸಿ, ಉಗುರಿನಿಂದ ಪಿನ್ನು ಒತ್ತಿದ. ಗಾಳಿ ಹಿಸ್ಸೆಂದಿತು. ಅದರ ಜೊತೆ ಬೆರಳಿಗೊಂದು ಹನಿ ಸಿಡಿಯಿತು. ಬೆಚ್ಚಗಿತ್ತು. ಕೊಳೆತ ನೀರಿನ ನಾತವಲ್ಲ. ಈಗಷ್ಟೇ ತಲೆ ತೊಳೆದುಕೊಂಡವರ ಒದ್ದೆ ಕೂದಲಿನ ವಾಸನೆ. ಬಿಸಿಲಿಗೆ ಕಾದಿದೆ, ಅಷ್ಟೇ ಎಂದುಕೊಂಡ. ಆಗ ಅಂಗಳದಲ್ಲಿ ಬಿಸಿಲಿರಲಿಲ್ಲ.

"ನೀರು ಇರ್ಲಿ ಅಜ್ಜಿ. ಅಳತೆಗೆ ಸಿಗದ್ದು ಅಪಾಯ ಮಾಡಲ್ಲ."

ಅಂಗಳದ ಕೆಲಸದವರು ಚೈನ್ ಪುಲ್ಲಿ ಹಾಕಿ ಗಾಲಿಯನ್ನು ಎತ್ತಿದರು. ಸರಪಳಿ ಕಿರುಗುಟ್ಟಿತು. ಗಾಲಿ ಗಾಳಿಯಲ್ಲಿ ತೂಗುತ್ತಿದ್ದಾಗ ಒಳಗಿನ ನೀರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಗುಳುಗುಳು ಎಂದಿತು. ನಿದ್ದೆಯಲ್ಲಿ ಮಗ್ಗಲು ಬದಲಿಸಿದ ಹಾಗೆ.

ಗಾಡಿ ಹೊರಟ ಮೇಲೆ ಭಾವ ಕೇಳಿದ, "ಅಜ್ಜಿ ಗುಟ್ಟಾಗಿ ಏನೋ ಹೇಳ್ತಿದ್ರಲ್ಲ?"

"ಎರಡೂ ಕೊಳ್ಳಬೇಕಂತೆ. ಒಂಟಿ ಗಾಲಿಗೆ ಮಾಟ ಇದೆಯಂತೆ. ಹಳೇ ಕಬ್ಬಿಣ ಸಾಗಹಾಕೋಕೆ ಎಂಥೆಂಥ ಕತೆ ಕಟ್ತಾರೆ ನೋಡಿ."

ಭಾವನ ಮುಖ ಬಿಳಚಿಕೊಂಡಿತು. ಅವನು ಒಳ್ಳೆಯವನು, ಮಿತಭಾಷಿ, ಸೀನಿದರೂ ಎರಡು ನಿಮಿಷ ಕಾದು ಹೊರಡುವವನು. "ಹಿಂದಕ್ಕೆ ತಿರುಗಿಸೋಣ. ಅದನ್ನೂ ತಂದುಬಿಡೋಣ."

"ಭಾವಾ! ನಿಮ್ಮ ಪುಕ್ಕಲುತನಕ್ಕೆ ನಾನು ಕೊಳೆತ ರಿಮ್ಮು ಹೊತ್ಕೊಂಡು ಬರ್ಲಾ?"

"ನಗಾಡಿ. ಆದ್ರೆ ನಾನಂತೂ ಹತ್ತಲ್ಲ."

"ಬೇಡ ಬಿಡಿ. ನಾನೇ ಹತ್ತಿ, ನಾನೇ ಇಳಿದು ತೋರಿಸ್ತೀನಿ."

ಇಳಿಯಬೇಕೆಂದರೆ ಇನ್ನೊಬ್ಬ ಹತ್ತಬೇಕು ಎಂದ ಮಾತನ್ನು ಅವನು ಭಾವನಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಅದು ಹೇಳುವಷ್ಟು ದೊಡ್ಡ ಮಾತು ಎಂದು ಅವನಿಗೆ ಅನ್ನಿಸಲೇ ಇಲ್ಲ.

ಗಾಲಿ ತನ್ನ ಮನೆಗೇ ಬಂದ ಹಾಗೆ ಕೂತಿತು. ಜಾಕಿಯ ಮೇಲೆ ನಿಂತ ಟ್ರ್ಯಾಕ್ಟರಿನ ಬೋಲ್ಟುಗಳ ಮೇಲೆ ಅದನ್ನು ಹೊಂದಿಸಲು ಇಬ್ಬರೂ ಸನ್ನೆಗೋಲು ಹಿಡಿದು ತಿಣುಕಬೇಕಾಗುತ್ತದೆ ಎಂದುಕೊಂಡಿದ್ದರು. ಬೇಕಾಗಲಿಲ್ಲ. ತೂತುಗಳು ತಾವಾಗಿಯೇ ಬೋಲ್ಟುಗಳನ್ನು ನುಂಗಿದವು. "ನೋಡಿದ್ರಾ?" ಎಂದ ಫಿಟ್ಟರ್, ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತ. "ಕೊಟ್ಟ ಹೆಣ್ಣು ಕುಲಕ್ಕೆ ಹೊಂದಿಕೊಂಡ ಹಾಗೆ."

ಭಾವ ಇನ್ನೂ ಸುಡದ ಇಟ್ಟಿಗೆಗಳಿಗೆ ಟಾರ್ಪಾಲು ಹೊದೆಸಲು ಕೊಟ್ಟಿಗೆಯ ಕಡೆ ನಡೆದ.

ಮಣ್ಣು ತುಳಿಸುವ ಗುಂಡಿ ಭಟ್ಟಿಯ ಹಿಂದಿತ್ತು. ದುಂಡಗಿನ ಗುಂಡಿ, ಮೊಣಕಾಲು ಮುಳುಗುವಷ್ಟು ಆಳದ ಜೇಡಿ. ಒಳಗಿಳಿಯಲು ಒಂದು ಕಡೆ ಮಾತ್ರ ಇಳಿಜಾರು. ಟ್ರ್ಯಾಕ್ಟರು ಅಲ್ಲಿ ಗಾಣದ ಎತ್ತಿನಂತೆ ಸುತ್ತು ಹಾಕುತ್ತಲೇ ಇರಬೇಕು. ಗಾಲಿ ತುಳಿದು ತುಳಿದು ಮಣ್ಣು ಬೆಣ್ಣೆಯಾಗಬೇಕು. ಸುತ್ತುವುದೇ ಅಲ್ಲಿಯ ಕೆಲಸ. ಆದ್ದರಿಂದ ಮೊದಲು ಯಾವುದೂ ತಪ್ಪಿದ ಹಾಗೆ ಕಾಣಲಿಲ್ಲ.

ಫಿಟ್ಟರ್ ಎಡಕ್ಕೆ ಸುತ್ತಿದ. ಹಸಿಮಣ್ಣಿನ ತಂಪು ವಾಸನೆ, ಡೀಸೆಲಿನ ಹೊಗೆ, ಹಳೆಯ ಬೂದಿಯ ಕಮಟು. ಹೆಂಡತಿ ಮನೆಯ ಹಿತ್ತಿಲಿನಿಂದ ಕೈಬೀಸಿದಳು. ಅವನು ಮೀಸೆ ತಿರುವಿದಂತೆ ನಟಿಸಿದ. ಅವಳು ನಕ್ಕು ಒಳಗೆ ಹೋದಳು.

ಮಣ್ಣು ಒಂದೇ ಕಡೆ ಸರಿಯುತ್ತಿದೆ ಎನ್ನಿಸಿ ಬಲಕ್ಕೆ ಸುತ್ತಲು ಸ್ಟೇರಿಂಗ್ ತಿರುಗಿಸಿದ. ಮುಂದಿನ ಗಾಲಿಗಳು ಬಲಕ್ಕೆ ಹೊರಳಿದವು. ಟ್ರ್ಯಾಕ್ಟರು ಎಡಕ್ಕೇ ಹೋಯಿತು. ಹೊಸ ಗಾಲಿ ಒಂದು ನೂಲು ಎತ್ತರ ಇರಬೇಕು, ಅದಕ್ಕೇ ಎಳೆಯುತ್ತಿದೆ ಎಂದುಕೊಂಡ. ಮರುಕ್ಷಣ ಅವನ ಕಸುಬೇ ಅವನಿಗೆ ನೆನಪಿಸಿತು: ಎಡಗಾಲಿ ಎತ್ತರವಿದ್ದರೆ ಗಾಡಿ ಬಲಕ್ಕೆ ಎಳೆಯಬೇಕು.

ಕ್ಲಚ್ ಒತ್ತಿದ. ಗೇರು ತಪ್ಪಿಸಿದ. ಟ್ರ್ಯಾಕ್ಟರು ನಡೆಯಿತು.

ಎರಡೂ ಬ್ರೇಕಿನ ಮೇಲೆ ಮೈಭಾರ ಹಾಕಿ ನಿಂತ. ಬಲಗಾಲಿ ಹಿಡಿಯಿತು. ಅದು ಜೇಡಿಯಲ್ಲಿ ಸತ್ತ ಪ್ರಾಣಿಯ ಹಾಗೆ ಎಳೆಸಿಕೊಂಡು ಬಂತು. ಎಡಗಾಲಿ ಒಂದೇ ತಿರುಗುತ್ತಿತ್ತು.

ಎಂಜಿನ್ ಆರಿಸುವ ಗುಬ್ಬಿ ಎಳೆದ. ಎಂಜಿನ್ ಕೆಮ್ಮಿ ನಿಂತಿತು. ಹೊಗೆ ತೆಳುವಾಯಿತು. ಎಲ್ಲೋ ಒಂದು ಕಾಗೆ ಕೂಗಿ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಟ್ರ್ಯಾಕ್ಟರು ಸುತ್ತುತ್ತಲೇ ಇತ್ತು.

ಆಗ ಅವನಿಗೆ ನೀರು ಕೇಳಿಸಿತು. ಎಡಗಿವಿಯ ಪಕ್ಕದಲ್ಲೇ. ಗಾಲಿ ಉರುಳುವ ಲಯಕ್ಕೂ ನೀರಿನ ಲಯಕ್ಕೂ ತಾಳೆಯಿರಲಿಲ್ಲ. ಗುಳುಕ್. ಗುಳುಕ್. ನಡುವೆ ಒಂದು ದೀರ್ಘ ಎಳೆತ. ಯಾರೋ ಮುಖವನ್ನು ನೀರಿನೊಳಗೆ ಅದ್ದಿ, ಮೇಲೆತ್ತಿ, ಉಸಿರೆಳೆದುಕೊಳ್ಳುತ್ತಿರುವ ಸದ್ದು. ಆಮೇಲೆ ರಬ್ಬರಿನ ಒಳಗಿನಿಂದ ಬೆರಳ ಗೆಣ್ಣು ಬಡಿದ ಹಾಗೆ ಟಕ್, ಟಕ್. ಒದ್ದೆ ಕೂದಲಿನ ವಾಸನೆ ಮೂಗಿಗೆ ಅಡರಿತು.

ಇಳಿಯಬೇಕು. ಹಾರಿದರಾಯಿತು. ಜೇಡಿ ಮೆತ್ತಗಿದೆ. ಬಲಗಾಲನ್ನು ಮೆಟ್ಟಿಲಿನ ಮೇಲಿಟ್ಟ. ಮಡ್‌ಗಾರ್ಡು ಹಿಡಿದ. ಎದ್ದ.

ಅವನು ಆಸನದ ಮೇಲೆ ಕೂತಿದ್ದ.

ಮತ್ತೆ ಎದ್ದ. ಮೆಟ್ಟಿಲು ಪಾದಕ್ಕೆ ತಣ್ಣಗೆ ತಾಗಿತು. ಕೈ ಬಿಟ್ಟ. ಹಾರಿದ. ಕೂತಿದ್ದ. ತೊಡೆಯಡಿ ಆಸನದ ತಗಡು ಬೆಚ್ಚಗಿತ್ತು. ಮತ್ತೆ. ಕೂತಿದ್ದ. ಮತ್ತೆ. ಕೂತಿದ್ದ. ಯಾರೂ ಎಳೆಯುತ್ತಿರಲಿಲ್ಲ, ಯಾರೂ ಹಿಡಿದಿರಲಿಲ್ಲ. ಇಳಿಯುವುದಕ್ಕೂ ಕೂತಿರುವುದಕ್ಕೂ ನಡುವೆ ಇರಬೇಕಾದ ಒಂದು ತುಣುಕು ಹೊತ್ತನ್ನು ಯಾರೋ ಕತ್ತರಿಸಿ ತೆಗೆದಿದ್ದರು.

ಇಳಿಜಾರು ಪ್ರತಿ ಸುತ್ತಿಗೂ ಹತ್ತಿರ ಬಂದು ಸರಿದು ಹೋಗುತ್ತಿತ್ತು. ಭಟ್ಟಿಯ ಗೋಡೆ. ಕೊಟ್ಟಿಗೆ. ಮನೆಯ ಹಿತ್ತಿಲು. ಇಳಿಜಾರು. ಭಟ್ಟಿಯ ಗೋಡೆ. ಕೈಗೆಟುಕುವಷ್ಟು ಹತ್ತಿರದಲ್ಲಿ ಇಡೀ ಬದುಕು ಅವನ ಸುತ್ತ ತಿರುಗುತ್ತಿತ್ತು.

ನಂಬುವುದಕ್ಕೆ ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಅವನು ಅಳತೆಯ ಮನುಷ್ಯ. ಒಂದೇ ಪರೀಕ್ಷೆ ಅಷ್ಟು ಸಲ ಒಂದೇ ಉತ್ತರ ಕೊಟ್ಟರೆ ಒಪ್ಪಲೇಬೇಕು. ಅಜ್ಜಿಯ ಮಾತಿನ ಮೊದಲರ್ಧ ನಿಜ. ಹಾಗಾದರೆ ಉಳಿದರ್ಧವೂ ನಿಜ.

ಅದು ಹೊಳೆದ ಕ್ಷಣವೇ ಅವನು ಮಾಡಿದ ಮೊದಲ ಕೆಲಸವೆಂದರೆ ಎಂಜಿನ್ ಮತ್ತೆ ಚಾಲೂ ಮಾಡಿದ್ದು. ಸದ್ದಿಲ್ಲದೆ ನಡೆಯುವ ಟ್ರ್ಯಾಕ್ಟರನ್ನು ನೋಡಿದರೆ ಭಾವ ಹತ್ತಿರ ಸುಳಿಯುತ್ತಿರಲಿಲ್ಲ.

"ಭಾವಾ!" ಎಂದು ಕೂಗಿದ. "ಭಾವಾ, ಸ್ವಲ್ಪ ಬನ್ನಿ!"

ಭಾವ ಟಾರ್ಪಾಲಿನ ಹಗ್ಗ ಕೈಯಲ್ಲೇ ಹಿಡಿದು ಗುಂಡಿಯ ಅಂಚಿಗೆ ಬಂದ. "ಏನಾಯ್ತು?"

"ಏನಿಲ್ಲ, ಕ್ಲಚ್ ಕಚ್ಕೊಂಡಿದೆ. ನಿಲ್ತಾ ಇಲ್ಲ. ನೀವು ಹತ್ತಿ ಕ್ಲಚ್ ಒತ್ತಿ ಹಿಡಿದ್ರೆ ನಾನು ಕೆಳಗಿಳಿದು ರಾಡು ಬಿಡಿಸ್ತೀನಿ."

"ಗುಬ್ಬಿ ಎಳೆದು ಆರಿಸಿ."

"ಮಣ್ಣಲ್ಲಿ ಆರಿಸಿದ್ರೆ ಹೂತುಹೋಗುತ್ತೆ ಭಾವಾ, ನಿಮಗೆ ಗೊತ್ತಿಲ್ವಾ?"

ಭಾವ ಅಲ್ಲಾಡಲಿಲ್ಲ. ಅವನ ಕಣ್ಣು ಎಡಗಾಲಿಯ ಮೇಲಿತ್ತು. "ಅದು... ಅಜ್ಜಿ ಹೇಳಿದ್ದಲ್ಲ ತಾನೇ?"

ಟ್ರ್ಯಾಕ್ಟರು ಆ ಕಡೆಗೆ ಹೋಗಿ ಸುತ್ತಿ ಬರುವ ತನಕ ಫಿಟ್ಟರನಿಗೆ ಸಮಯವಿತ್ತು. ನಿಜ ಹೇಳಲೂ ಸಮಯವಿತ್ತು. ಭಾವನ ಎದುರು ಮತ್ತೆ ಬಂದಾಗ ಅವನ ಬಾಯಿಂದ ಬಂದದ್ದು ನಗು.

"ಇನ್ನೂ ಅದೇ ಕತೇನಾ? ನಿಮ್ಮ ತಂಗೀನ ಕರೀತೀನಿ ಬಿಡಿ, ಅವಳಿಗಾದ್ರೂ ಗುಂಡಿಗೆ ಇದೆ."

ಭಾವನ ಕಿವಿ ಕೆಂಪಾಯಿತು. ಹಗ್ಗ ಎಸೆದ. ಪಂಚೆ ಎತ್ತಿ ಕಟ್ಟಿ ಜೇಡಿಗಿಳಿದ. ಪಚಕ್ ಪಚಕ್ ಎಂದು ನಾಲ್ಕು ಹೆಜ್ಜೆ ಓಡಿಬಂದು ಮೆಟ್ಟಿಲಿಗೆ ಕಾಲಿಟ್ಟ. ಮಡ್‌ಗಾರ್ಡು ಹಿಡಿದ. ಮೈಯನ್ನು ಮೇಲಕ್ಕೆಳೆದುಕೊಂಡ.

ಫಿಟ್ಟರನ ಸೊಂಟದಲ್ಲಿ ಏನೋ ಸಡಿಲವಾಯಿತು, ಬಿಗಿದ ನಟ್ಟು ಕೊನೆಯ ಸುತ್ತು ಬಿಟ್ಟ ಹಾಗೆ. ಅವನು ಮೊಣಕಾಲುದ್ದ ಜೇಡಿಯಲ್ಲಿ ನಿಂತಿದ್ದ. ಭಾವ ಆಸನದ ಮೇಲಿದ್ದ.

"ಒತ್ತಿದೀನಿ," ಎಂದ ಭಾವ. "ಒತ್ತೇ ಇದೀನಿ. ನಿಲ್ತಾ ಇಲ್ಲ ಅಳಿಯಂದ್ರೇ." ಆಮೇಲೆ ಒಂದು ಸುತ್ತು ಮುಗಿಸಿ ಬಂದಾಗ ದನಿ ಬದಲಾಗಿತ್ತು. "ನಾನು ಎದ್ದೆ. ಈಗ ಎದ್ದೆ. ನೀವು ನೋಡಿದ್ರಲ್ಲ? ನಾನು ಎದ್ದೆ ತಾನೇ?"

ಫಿಟ್ಟರ್ ಇಳಿಜಾರು ಹತ್ತುತ್ತಿದ್ದ. "ಇನ್ನೊಂದು ಗಾಲಿ ತರ್ತೀನಿ ಭಾವಾ. ಈಗಲೇ ತರ್ತೀನಿ. ಕೂತಿರಿ."

ಕೂತಿರಿ ಎಂದದ್ದು ಅವನಿಗೇ ಕೇಳಿಸಿತು.

ಪಿಕಪ್ಪಿನ ಬಾಗಿಲು ತೆಗೆಯುವಾಗ ಹೆಂಡತಿ ಹಿತ್ತಿಲಿನಿಂದ ಬಂದಳು. ಕೈ ಹಿಟ್ಟಾಗಿತ್ತು. "ಅಣ್ಣ ಯಾಕೆ ಹಾಗೆ ಕೂಗ್ತಿದಾನೆ ರೀ?"

ಅವಳಿಗಾದರೂ ಹೇಳಬೇಕಿತ್ತು. ಹೇಳಿದ್ದರೆ, ಅಣ್ಣ ಅಲ್ಲಿಗೆ ಹೇಗೆ ಹತ್ತಿದ ಎಂಬುದನ್ನೂ ಹೇಳಬೇಕಾಗುತ್ತಿತ್ತು.

"ಕ್ಲಚ್ ಕಚ್ಕೊಂಡಿದೆ, ಅಷ್ಟೇ. ನಿಮ್ಮಣ್ಣ ಗೊತ್ತಲ್ಲ, ಮಾಟ ಅದೂ ಇದೂ ಅಂತ ಪುಕ್ಕಲು. ಸಾಮಾನು ತಂದುಬಿಡ್ತೀನಿ."

ಅವಳು ನಕ್ಕಳು.

ಗುಜರಿ ಅಂಗಳಕ್ಕೆ ಅವನು ಮುಟ್ಟುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ರಸ್ತೆಯವರೆಗೂ ಬಂದಿತ್ತು. ಟ್ರ್ಯಾಕ್ಟರು ನಿಂತಿದ್ದ ಜಾಗದಲ್ಲಿ ನೀಲಿ ಅಂಚಿನ ಕಬ್ಬಿಣದ ತುಂಡುಗಳು ಬಿದ್ದಿದ್ದವು. ಗ್ಯಾಸ್ ಕಟ್ಟರಿನವನು ತನ್ನ ಸಿಲಿಂಡರು ಕಟ್ಟಿಕೊಂಡು ಆಗಲೇ ಹೋಗಿದ್ದ. ಬಲಗಾಲಿಯ ರಿಮ್ಮು ನಾಲ್ಕು ಹೋಳು. ಟೈರು ಸೀಳಿತ್ತು. ಟ್ಯೂಬು ಕರುಳಿನ ಹಾಗೆ ಹೊರಬಿದ್ದಿತ್ತು. ಅದರ ಅಡಿಯ ಮಣ್ಣು ಒದ್ದೆಯಾಗಿತ್ತು.

ಅಜ್ಜಿ ಅವನ ಮೊಣಕಾಲಿನ ಜೇಡಿ ನೋಡಿದಳು. ಮುಖ ನೋಡಿದಳು. "ನೀನು ಇಳಿದಿದೀಯ," ಎಂದಳು. "ಯಾರನ್ನ ಹತ್ತಿಸಿದೆ?"

ಅವಳು ಗೋಡೆಗೆ ಒರಗಿ ಕೂತಳು.

"ಮಾಡಿಸಿದ್ದು ನನ್ನ ಗಂಡನೇ. ಅವರ ತಮ್ಮ ಬೇರೆ ಹೋಗ್ತೀನಿ ಅಂತಿದ್ದ. ‘ಅವನು ನನ್ನನ್ನ ಬಿಟ್ಟು ಹೋಗಬಾರದು, ಅಷ್ಟು ಮಾಡಿಕೊಡು’ ಅಂತ ಇವರು ಮಾಟಗಾರನ್ನ ಕೇಳಿದ್ರು. ಅವನು ಅಷ್ಟೇ ಮಾಡಿಕೊಟ್ಟ. ನನ್ನ ಮೈದುನ ಮೈ ತೊಳೆದ ನೀರು, ಅವನ ಕೂದಲು, ಅವನ ಉಗುರು, ಎಲ್ಲಾ ಆ ಟ್ಯೂಬಿಗೆ ಹೋಯ್ತು. ಹೊಲಕ್ಕೆ ಹೋದ ಹುಡುಗ ಇಳೀಲೇ ಇಲ್ಲ. ಬಿಡುಗಡೆ ಬೇಕಂದ್ರೆ ಕಟ್ಟು ಹಾಕಿಸಿದವನು ಮೈ ತೊಳೆದ ನೀರನ್ನ ಮಂತ್ರಿಸಿ ಕೂತವನ ತಲೆ ಮೇಲೆ ಹೊಯ್ಯಬೇಕು. ನನ್ನ ಗಂಡ ನೀರು ಹೊತ್ಕೊಂಡು ಓಡೋ ಹೊತ್ತಿಗೆ ಅವನ ಉಸಿರು ನಿಂತಿತ್ತು. ಉಸಿರು ನಿಂತ ಮೇಲೇ ಟ್ರ್ಯಾಕ್ಟರ್ ನಿಂತದ್ದು. ಆ ನೀರನ್ನ ಬಲಗಡೆಗೆ ತುಂಬಿ ಜೋಡಿ ಮಾಡಿ ಇಟ್ವಿ. ಇವತ್ತು ಬಲಗಡೇದನ್ನ ಕತ್ತರಿಸಬೇಡ ಅಂತ ಹೇಳೋಕೆ ಬರೋ ಹೊತ್ತಿಗೆ ಕಟ್ಟರಿನವನು ಮುಗಿಸಿಬಿಟ್ಟಿದ್ದ."

"ಮತ್ತೆ ಮಾಡಿಸಿಕೊಡಿ. ಯಾರ ಹತ್ರ ಬೇಕಾದ್ರೂ ಕರ್ಕೊಂಡು ಹೋಗ್ತೀನಿ."

"ಯಾರ ಮೈ ತೊಳೀತೀಯ? ಕಟ್ಟು ಹಾಕಿಸಿದ ನನ್ನ ಗಂಡ ಸತ್ತು ಹೋದ್ರು."

"ಎಡಗಡೆ ನೀರು ಬಿಟ್ಟುಬಿಟ್ರೆ? ಟೈರಿಗೆ ಮೊಳೆ ಹೊಡೆದ್ರೆ?"

"ಸೀಟು ಖಾಲಿ ಇದ್ದಾಗ ನೀರು ಬಿಡಬಹುದಿತ್ತು. ಅದಕ್ಕೇ ಇಲ್ಲೇ ಚೆಲ್ಲಿ ಹೋಗು ಅಂದೆ. ಈಗ ಬಿಟ್ರೆ ಮೇಲೆ ಕೂತ ಜೀವಾನೂ ನೀರಿನ ಜೊತೆ ಹರಿದುಹೋಗುತ್ತೆ."

ಫಿಟ್ಟರ್ ಟ್ಯೂಬಿನ ಬಳಿ ಮಂಡಿಯೂರಿದ. ಹರಿದ ಬಾಯಿಯನ್ನು ಬಗ್ಗಿಸಿ ಒಳಗೆ ಕೈಹಾಕಿದ. ಒಣಗಿತ್ತು. ಪಕ್ಕದಲ್ಲಿ ಬಿದ್ದಿದ್ದ ಎಣ್ಣೆಡಬ್ಬ ಎಳೆದುಕೊಂಡ. ಒದ್ದೆ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ತುಂಬತೊಡಗಿದ. ತುಕ್ಕಿನ ಚಕ್ಕೆಗಳು ಉಗುರಿನ ಸಂದಿಗೆ ಹೊಕ್ಕವು. ಬೆಳಿಗ್ಗೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಒಪ್ಪದ ಕೈ ಈಗ ಮಣ್ಣು ಬಾಚುತ್ತಿತ್ತು. ಅಜ್ಜಿ ಬೇಡ ಎನ್ನಲಿಲ್ಲ. ಆಗುತ್ತೆ ಎಂದೂ ಅನ್ನಲಿಲ್ಲ.

ದಾರಿಯುದ್ದಕ್ಕೂ ಅವನು ಭಾವನಿಗೆ ಹೇಳಬೇಕಾದ ಮಾತು ಜೋಡಿಸಿಕೊಂಡ. ಯಾವುದೂ ಒಂದಕ್ಕೊಂದು ಹೊಂದಲಿಲ್ಲ.

ಭಟ್ಟಿ ಮುಟ್ಟುವಾಗ ಬೆಳಕು ಇಳಿಯುತ್ತಿತ್ತು. ಮೋಡ ಭಟ್ಟಿಯ ಚಿಮಣಿಯನ್ನು ಅರ್ಧ ನುಂಗಿತ್ತು. ಎಂಜಿನ್ನಿನ ಸದ್ದಿರಲಿಲ್ಲ. ಒಂದು ಗಳಿಗೆ ಅವನ ಎದೆ ಹಗುರವಾಯಿತು. ನಿಂತಿದೆ! ಡಬ್ಬ ಎದೆಗವಚಿಕೊಂಡು ಓಡಿದ.

ಗುಂಡಿಯ ಅಂಚಿನಲ್ಲಿ ಭಾವ ಕೂತಿದ್ದ. ತೊಡೆಯವರೆಗೂ ಜೇಡಿ. ಎರಡೂ ಕೈ ನೆಲದ ಮೇಲೆ ಚಾಚಿದ್ದ, ಮತ್ತೆ ಎಲ್ಲಿ ನೆಲ ಜಾರಿಹೋಗುತ್ತದೋ ಎಂಬಂತೆ.

ಗುಂಡಿಯೊಳಗೆ ಪಚಪಚ ಸದ್ದು ಸುತ್ತುತ್ತಿತ್ತು.

"ಬೇಡ ಅಂದೆ," ಎಂದ ಭಾವ, ತಲೆಯೆತ್ತದೆ. "ಹತ್ರ ಬರಬೇಡ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಅವಳು ನಕ್ಕಳು. ನಮ್ಮನೆಯವ್ರು ಹೇಳಿದ್ರು, ಬರೀ ಕ್ಲಚ್ ಅಂತೆ, ನೀನು ಪುಕ್ಕಲು ಅಂತೆ ಅಂದ್ಲು. ನನ್ನ ಕೈ ಹಿಡಿದು ಇಳಿಸೋಕೆ ಅಂತ ಹತ್ತಿದ್ಲು."

ಟ್ರ್ಯಾಕ್ಟರು ಮಬ್ಬಿನಿಂದ ಹೊರಬಂತು. ಹೆಂಡತಿ ಆಸನದ ಮೇಲೆ ನೇರವಾಗಿ ಕೂತಿದ್ದಳು. ಕೈಯಲ್ಲಿ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಕೂಗಿ ಕೂಗಿ ದನಿ ಹೋಗಿತ್ತು.

"ರೀ," ಎಂದಳು ಎದುರು ಬಂದಾಗ. "ಇದರೊಳಗೆ ಯಾರೋ ಇದಾರೆ."

ಸರಿದು ಹೋದಳು.

ಫಿಟ್ಟರ್ ಜೇಡಿಗಿಳಿದ. ಅವಳು ಮತ್ತೆ ಬರುವುದನ್ನು ಕಾದ. ಡಬ್ಬದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದ. ಒಂದು ಹನಿ. ಎರಡು. ಪಕ್ಕದಲ್ಲಿ ಓಡುತ್ತ ಅವಳ ನೆತ್ತಿಗೆ ಮಣ್ಣು ಮೆತ್ತಿದ. ಹಣೆಗೆ ಮೆತ್ತಿದ. ಅವಳು ಕಣ್ಣು ಮುಚ್ಚಿ ಸಹಿಸಿದಳು. ಎದ್ದಳು. ಮೆಟ್ಟಿಲಿಗೆ ಕಾಲಿಟ್ಟಳು.

ಕೂತಿದ್ದಳು.

ಮತ್ತೊಂದು ಹಿಡಿ. ಮತ್ತೊಂದು. ಡಬ್ಬದ ತಳ ಗೀರಿದ. ಕೂತಿದ್ದಳು. ಗಾಲಿಯೊಳಗೆ ನೀರು ಉಸಿರೆಳೆಯಿತು. ಟಕ್. ಟಕ್. ಡಬ್ಬ ಕೈಜಾರಿತು. ಗಾಲಿ ಅದರ ಮೇಲೆ ಹಾಯ್ದು ಜೇಡಿಯೊಳಕ್ಕೆ ತುಳಿದು ಹೂತಿತು. ಆ ಜಾಗದ ಮೇಲೆ ಜೇಡಿ ಮುಚ್ಚಿಕೊಂಡಿತು. ಗುರುತೂ ಉಳಿಯಲಿಲ್ಲ.

ಅವನು ನಿಂತ. ಏದುಸಿರು ಬಿಟ್ಟ. ಇಳಿಜಾರು ಬೆನ್ನ ಹಿಂದೆಯೇ ಇತ್ತು. ಹತ್ತು ಹೆಜ್ಜೆ ನಡೆದರೆ ಗಟ್ಟಿ ನೆಲ. ಅಲ್ಲಿಂದ ರಸ್ತೆ.

ಟ್ರ್ಯಾಕ್ಟರು ಸುತ್ತಿ ಬಂತು.

"ಸ್ವಲ್ಪ ಪಕ್ಕಕ್ಕೆ ಸರಿ," ಎಂದ.

"ಬೇಡ ರೀ. ಅಣ್ಣನೂ ಹೀಗೇ..." ಅವಳಿಗೆ ಅರ್ಥವಾಗುತ್ತಿತ್ತು. "ಹತ್ತಿದವರು ಇಳಿಯಲ್ಲ. ನನಗೆ ಗೊತ್ತಾಯ್ತು. ಹತ್ತಬೇಡಿ."

"ನಂಗೆ ಮೊದಲೇ ಗೊತ್ತಿತ್ತು ಕಣೆ," ಎಂದ ಫಿಟ್ಟರ್. ಪಕ್ಕದಲ್ಲಿ ಓಡುತ್ತಿದ್ದ. ಉಸಿರು ಸಾಲುತ್ತಿರಲಿಲ್ಲ. "ಕ್ಲಚ್ ಅಲ್ಲ. ನಿಮ್ಮಣ್ಣ ಪುಕ್ಕಲನೂ ಅಲ್ಲ. ಸುಳ್ಳು ಹೇಳಿ ಹತ್ತಿಸಿದವನು ನಾನು."

ಅವಳ ಮುಖ ಅವನ ಕಡೆ ತಿರುಗಿತು. ಅವಳು ಏನಾದರೂ ಹೇಳುವ ಮುಂಚೆ ಅವನು ಮೆಟ್ಟಿಲಿಗೆ ಕಾಲಿಟ್ಟಿದ್ದ. ಮಡ್‌ಗಾರ್ಡು ಹಿಡಿದ. ಮೇಲಕ್ಕೆಳೆದುಕೊಂಡ.

ಆಸನ ಬೆಚ್ಚಗಿತ್ತು. ಅವಳು ಜೇಡಿಯಲ್ಲಿ ನಿಂತಿದ್ದಳು.

ಅವಳು ಗಾಡಿಯ ಹಿಂದೆ ಓಡಿದಳು. ಭಾವ ಗುಂಡಿಗೆ ಹಾರಿ ಅವಳನ್ನು ಸೊಂಟಕ್ಕೆ ಕೈಹಾಕಿ ಹಿಡಿದ. ಅವಳು ಪರಚಿದಳು, ಒದ್ದಳು. ಅವನು ಬಿಡಲಿಲ್ಲ. ಇಳಿಜಾರಿನ ಮೇಲಕ್ಕೆ ಎಳೆದುಕೊಂಡೇ ಹೋದ.

"ಅವಳನ್ನ ಬಿಡಬೇಡಿ ಭಾವಾ," ಎಂದ ಫಿಟ್ಟರ್ ಎದುರು ಬಂದಾಗ. ಮುಂದಿನ ಸುತ್ತಿಗೆ ಮತ್ತೇನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಅವರ ಮುಖ ಕಾಣದಷ್ಟು ಕತ್ತಲಾಗಿತ್ತು. ಭಟ್ಟಿಯ ಗೋಡೆ ಹೋಯಿತು. ಕೊಟ್ಟಿಗೆ ಹೋಯಿತು. ಎಡಗಿವಿಯ ಪಕ್ಕದಲ್ಲಿ ಒದ್ದೆ ಉಸಿರೊಂದು ಅವನ ಉಸಿರಿನ ಲಯಕ್ಕೆ ಹೊಂದಿಕೊಳ್ಳುತ್ತಿತ್ತು.

ಆ ರಾತ್ರಿಯೇ ಮಳೆ ಹಿಡಿಯಿತು. ಬೆಳಗಾದ ಮೇಲೆ ಭಾವ ಗುಂಡಿಯ ಅಂಚಿಗೆ ಬಂದು ಒಂದು ಹಿಡಿ ಮಣ್ಣು ತೆಗೆದು ಬೆರಳ ನಡುವೆ ತಿಕ್ಕಿ ನೋಡಿದ. ಮಣ್ಣು ಇಟ್ಟಿಗೆಗೆ ಹದವಾಗಿತ್ತು. ಟ್ರ್ಯಾಕ್ಟರು ಇನ್ನೂ ಸುತ್ತುತ್ತಿತ್ತು.